ಆರು ತಿಂಗಳು ಬೇರೆ ಸೀಟಿಗೆ ಹೋಗಿ ಬರಬಹುದಾ?

ಪ್ರಶ್ನೆ: ನಮಸ್ತೆ ಸರ್. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಕಂದಾಯ ಕಚೇರಿಯಲ್ಲಿ ಸೀನಿಯರ್ ಕ್ಲರ್ಕ್. ಏಳು ವರ್ಷದಲ್ಲಿ ಎರಡು ಸಲ ಕಚೇರಿ ಬದಲಾಯಿತು, ಕೆಲಸ ಮಾತ್ರ ಬದಲಾಗಲಿಲ್ಲ. ಎಲ್ಲಿ ಹೋದರೂ ಭೂಮಿ ಅರ್ಜಿಯ ಸೀಟೇ ಸಿಗುತ್ತದೆ, ಯಾಕೆಂದರೆ ನನಗೆ ಕನ್ನಡ ಓದಲು ಬರೆಯಲು ಬರುತ್ತದೆ. ಈಗ ಮೇಲಧಿಕಾರಿಯವರು ಕರೆದು, ‘ವಿದ್ಯಾನಗರದ ಕಲೆಕ್ಟರೇಟಿಗೆ ಆರು ತಿಂಗಳು ಹೋಗಿ ಬನ್ನಿ. ಫೈನಾನ್ಸ್ ಅಥವಾ ವಿಪತ್ತು ನಿರ್ವಹಣೆ, ಯಾವುದಾದರೊಂದು ವಿಭಾಗ. ಕಲಿತುಕೊಂಡು ಇಲ್ಲಿಗೇ ವಾಪಸ್ ಬನ್ನಿ’ ಎಂದಿದ್ದಾರೆ. ಹೋಗಲು ಆಸೆ ಉಂಟು. ಆದರೆ ವಾಪಸ್ ಬರಲು ಬಿಡುತ್ತಾರಾ? ಸೀನಿಯಾರಿಟಿಗೆ ತೊಂದರೆ ಆಗುತ್ತದಾ? ನನ್ನ ಮಲಯಾಳ ಮಾತಿಗೆ ಸಾಕು, ಫೈಲಿನಲ್ಲಿ ನೋಟ್ ಬರೆಯಲು ಕೈ ನಡುಗುತ್ತದೆ. ಮತ್ತೆ, ನನ್ನ ಸೀಟಿಗೆ ಬರುವ ಕನ್ನಡ ಅರ್ಜಿಗಳನ್ನು ಯಾರು ನೋಡುತ್ತಾರೆ?

ಉತ್ತರ: ಹೋಗಿ. ಆದರೆ ಆರ್ಡರ್ ಕೈಗೆ ಬರುವ ಮೊದಲು ಹೊರಡಬೇಡಿ. ಆ ಆರ್ಡರಿನಲ್ಲಿ ಎಂತ ಬರೆದಿದೆ ಎನ್ನುವುದರ ಮೇಲೆ ನಿಮ್ಮ ಅರ್ಧ ಪ್ರಶ್ನೆಗಳ ಉತ್ತರ ನಿಂತಿದೆ.

ಮೊದಲು ಇದು ಯಾವ ಬಗೆಯದ್ದು ಎಂದು ನೋಡೋಣ. ಇದು ವರ್ಗಾವಣೆ ಅಲ್ಲ. ಡೆಪ್ಯುಟೇಶನ್ ಕೂಡ ಅಲ್ಲ, ಅದಕ್ಕೆ ಕೇರಳ ಸರ್ವಿಸ್ ರೂಲ್ಸ್‌ನಲ್ಲಿ ಬೇರೆಯೇ ನಿಯಮಗಳಿವೆ. ನಿಮ್ಮದು ನಮ್ಮ ಕಚೇರಿಗಳಲ್ಲಿ ಎಲ್ಲರ ಬಾಯಲ್ಲಿರುವ ವರ್ಕಿಂಗ್ ಅರೇಂಜ್‌ಮೆಂಟ್. ಹುದ್ದೆ ಇಲ್ಲೇ, ಕೆಲಸ ಅಲ್ಲಿ. ಸಂಬಳದ ಬಿಲ್ ಈಗಿನ ಕಚೇರಿಯಿಂದಲೇ ಆಗುತ್ತದೆ. ಹೊಸ ಕಚೇರಿಯವರು ತಿಂಗಳು ತಿಂಗಳು ನಿಮ್ಮ ಹಾಜರಿಯ ಪತ್ರ ಕಳಿಸುತ್ತಾರೆ. ಸರ್ವಿಸ್ ಬುಕ್ ಇಲ್ಲೇ ಇರುತ್ತದೆ. ಹುದ್ದೆಯೇ ಬದಲಾಗುವುದಿಲ್ಲವಲ್ಲ, ಹಾಗಾಗಿ ಸೀನಿಯಾರಿಟಿಗೂ ಇಂಕ್ರಿಮೆಂಟಿಗೂ ಏನೂ ಆಗುವುದಿಲ್ಲ. ಆ ಚಿಂತೆ ಇವತ್ತೇ ಬಿಡಿ. ಹಾಜರಿ ಪತ್ರ ಸಮಯಕ್ಕೆ ಹೋಗುತ್ತದಾ ಎಂದು ಮಾತ್ರ ನೀವೇ ನೋಡಿಕೊಳ್ಳಿ. ಅದು ತಡವಾದರೆ ಸಂಬಳ ತಡವಾಗುತ್ತದೆ.

ಕಷ್ಟ ಬೇರೆ ಕಡೆ ಇದೆ. ವರ್ಕಿಂಗ್ ಅರೇಂಜ್‌ಮೆಂಟ್ ಎಂಬ ಮಾತನ್ನು ನಾವು ಎರಡು ಕೆಲಸಕ್ಕೆ ಬಳಸುತ್ತೇವೆ. ಒಂದು, ಎಲ್ಲೋ ಕೈ ಕಮ್ಮಿಯಾಗಿದೆ, ಇಲ್ಲಿಂದ ಒಬ್ಬರನ್ನು ಕಳಿಸುವುದು. ಇನ್ನೊಂದು, ಒಬ್ಬರು ಹೊಸ ಕೆಲಸ ಕಲಿತು ಬರಲಿ ಎಂದು ಕಳಿಸುವುದು. ಆರ್ಡರ್ ನೋಡಲು ಎರಡೂ ಒಂದೇ ಥರ ಇರುತ್ತವೆ. ಒಳಗೆ ಹೋದ ಮೇಲೆ ಮಾತ್ರ ಗೊತ್ತಾಗುತ್ತದೆ ಯಾವುದು ಅಂತ.

ನನಗೆ ಅದು ತಡವಾಗಿ ಗೊತ್ತಾಯಿತು. ಸರ್ವಿಸಿಗೆ ಸೇರಿದ ನಾಲ್ಕನೆಯ ವರ್ಷ ನನ್ನನ್ನು ‘ಎರಡು ತಿಂಗಳು, ಕಲಿಯಲಿಕ್ಕೆ’ ಎಂದು ಬೇರೆ ಕಚೇರಿಗೆ ಕಳಿಸಿದರು. ಆರ್ಡರಿನಲ್ಲಿ ‘ಮುಂದಿನ ಆದೇಶದವರೆಗೆ’ ಎಂದು ಬರೆದಿತ್ತು. ನಾನು ಅದನ್ನು ಗಮನಿಸಲಿಲ್ಲ. ಅಲ್ಲಿ ತಪಾಲು ವಿಭಾಗದಲ್ಲಿ ಕೂರಿಸಿದರು. ಬಂದ ಕಾಗದಕ್ಕೆ ನಂಬರ್ ಹಾಕುವುದು, ಹೋಗುವ ಕಾಗದಕ್ಕೆ ಸ್ಟಾಂಪ್ ಅಂಟಿಸುವುದು. ಒಂದು ವರ್ಷ ನಾಲ್ಕು ತಿಂಗಳು ಅದೇ. ಕಲಿಸುವವರು ಯಾರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ವಾಪಸ್ ಬಂದಾಗ ನನ್ನ ಹಳೆಯ ಸೀಟಿನಲ್ಲಿ ಫೈಲುಗಳು ಕಟ್ಟುಕಟ್ಟಾಗಿ ಕೂತಿದ್ದವು. ಆ ಸಿಟ್ಟು ಇಳಿಯಲು ತುಂಬಾ ದಿನ ಹಿಡಿಯಿತು. ತಪಾಲು ಕೆಲಸ ಕೀಳು ಎಂದು ಹೇಳುತ್ತಿಲ್ಲ. ಒಂದು ಕಾಗದ ಕಚೇರಿಯೊಳಗೆ ಎಲ್ಲೆಲ್ಲಿ ಹೋಗಿ ಎಲ್ಲಿ ನಿಲ್ಲುತ್ತದೆ ಎಂದು ಅಲ್ಲಿಯಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ಆದರೆ ಅದನ್ನು ಕಲಿಯಲು ಮೂರು ವಾರ ಸಾಕು.

ಹಾಗಾಗಿ ನಿಮ್ಮ ಆರ್ಡರಿನಲ್ಲಿ ‘ಮುಂದಿನ ಆದೇಶದವರೆಗೆ’ ಎಂಬ ಮಾತು ಇರಬಾರದು. ಶುರುವಾಗುವ ತಾರೀಕು, ಮುಗಿಯುವ ತಾರೀಕು, ಎರಡೂ ಬೇಕು. ಮುಗಿದ ಮಾರನೆಯ ದಿನ ಬೇರೆ ಆರ್ಡರ್ ಇಲ್ಲದೆಯೇ ಈಗಿನ ಕಚೇರಿಗೆ ಹಾಜರಾಗಬೇಕು ಎಂದೂ ಬರೆಸಿ. ಇದು ಅಧಿಕಾರಿಯ ಮೇಲೆ ಅಪನಂಬಿಕೆ ಅಲ್ಲ. ಅವರೇ ನಾಳೆ ವರ್ಗವಾಗಿ ಹೋಗಬಹುದು, ಅಲ್ವಾ? ಅವರ ಜಾಗಕ್ಕೆ ಬಂದವರಿಗೆ ನಿಮ್ಮ ಮಾತುಕತೆ ಗೊತ್ತಿರುವುದಿಲ್ಲ. ಕಾಗದಕ್ಕೆ ಮಾತ್ರ ಗೊತ್ತಿರುತ್ತದೆ. ಅಮೆರಿಕದ ಕೇಂದ್ರ ಸರಕಾರದಲ್ಲಿ ಈ ಥರದ ತಾತ್ಕಾಲಿಕ ಕೆಲಸಕ್ಕೆ ‘ಡಿಟೇಲ್’ ಎನ್ನುತ್ತಾರೆ. ಅಲ್ಲಿ ಒಂದು ಸಲಕ್ಕೆ 120 ದಿನ ಎಂಬ ಲೆಕ್ಕ. ಮುಂದುವರಿಸಬೇಕಾದರೆ ಮತ್ತೆ ಕಾಗದ ಆಗಬೇಕು. ಅವಧಿ ಮುಗಿದರೆ ನೌಕರ ತನ್ನ ಹುದ್ದೆಗೇ ಮರಳುತ್ತಾನೆ. ನಮ್ಮಲ್ಲಿ ಅಂಥ ಲೆಕ್ಕ ತಾನಾಗಿ ಓಡುವುದಿಲ್ಲ, ಕೇಳಿ ಬರೆಸಿಕೊಳ್ಳಬೇಕು.

ಇನ್ನೊಂದು ಮಾತು ಬರೆಸಿ: ಯಾಕೆ ಕಳಿಸುತ್ತಿದ್ದಾರೆ ಎನ್ನುವುದನ್ನು. ಇದು ಸಣ್ಣದೆಂದು ಕಾಣುತ್ತದೆ, ಆದರೆ ಅಲ್ಲ. ಸೀಟು ಬದಲಿಸುವುದಕ್ಕೆ ಸರಕಾರದಲ್ಲಿ ಇನ್ನೊಂದು ಕಾರಣವೂ ಉಂಟು. ಹಣ, ಪರವಾನಗಿ, ಭೂಮಿಯಂಥ ಸೂಕ್ಷ್ಮ ಸೀಟುಗಳಲ್ಲಿ ಒಬ್ಬರೇ ತುಂಬಾ ಕಾಲ ಇರಬಾರದು ಎಂದು ಕೇಂದ್ರ ಜಾಗೃತ ಆಯೋಗ ಕೇಂದ್ರದ ಇಲಾಖೆಗಳಿಗೆ ಹೇಳುತ್ತಲೇ ಬಂದಿದೆ. ಅದು ಭ್ರಷ್ಟಾಚಾರ ತಡೆಯುವ ಉಪಾಯ. ಅದೂ ಬೇಕಾದದ್ದೇ. ಆದರೆ ಏಳು ವರ್ಷ ಭೂಮಿ ಅರ್ಜಿ ನೋಡಿದ ಕ್ಲರ್ಕನ್ನು ಇದ್ದಕ್ಕಿದ್ದಂತೆ ಬೇರೆ ಕಡೆ ಕಳಿಸಿದರೆ ಊರಿನವರು ಎಂತ ಹೇಳುತ್ತಾರೆ? ‘ಏನೋ ಆಗಿರಬೇಕು, ಅದಕ್ಕೇ ಎತ್ತಿದ್ದಾರೆ.’ ಈ ಮಾತು ಬಸ್ಸಿನಲ್ಲಿ ನಿಮಗಿಂತ ಮೊದಲು ಮನೆ ತಲುಪುತ್ತದೆ. ಆರ್ಡರಿನಲ್ಲಿ ‘ಫೈನಾನ್ಸ್ ವಿಭಾಗದ ಕೆಲಸದಲ್ಲಿ ಅನುಭವ ಪಡೆಯುವ ಸಲುವಾಗಿ’ ಎಂಬ ಒಂದು ಸಾಲು ಇದ್ದರೆ ಸಾಕು, ಆ ಮಾತಿಗೆ ಕಾಲೇ ಇರುವುದಿಲ್ಲ.

ಈಗ ಯಾವ ವಿಭಾಗ ಎನ್ನುವ ವಿಚಾರ. ನೀವು ‘ಫೈನಾನ್ಸ್ ಅಥವಾ ವಿಪತ್ತು ನಿರ್ವಹಣೆ’ ಎಂದು ಬರೆದಿದ್ದೀರಿ. ಯಾವ ಆರು ತಿಂಗಳು ಎಂದು ಬರೆದಿಲ್ಲ. ನನ್ನ ಪ್ರಕಾರ ವಿಭಾಗಕ್ಕಿಂತ ತಿಂಗಳು ಮುಖ್ಯ.

ವಿಪತ್ತು ನಿರ್ವಹಣೆಯ ಕೆಲಸ ಮಳೆಯ ಜೊತೆ ಬರುತ್ತದೆ. 2005ರ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಕಲೆಕ್ಟರರೇ ಅಧ್ಯಕ್ಷರು. ಹಾಗಾಗಿ ಜೂನ್‌ನಲ್ಲಿ ಗುಡ್ಡ ಜರಿದರೆ, ಮನೆ ಮೇಲೆ ಮರ ಬಿದ್ದರೆ, ಕಡಲು ಕೊರೆದರೆ ಎಲ್ಲ ವರದಿಗಳೂ ಆ ವಿಭಾಗಕ್ಕೆ ಬರುತ್ತವೆ. ಮೇ ತಿಂಗಳಲ್ಲಿ ಸೇರಿದರೆ ಮಳೆಗಾಲದ ಮೊದಲಿನ ತಯಾರಿಯಿಂದ ಪರಿಹಾರದ ಹಣ ಮನೆಯವರಿಗೆ ತಲುಪುವವರೆಗೆ ಇಡೀ ದಾರಿ ಕಾಣುತ್ತೀರಿ. ಡಿಸೆಂಬರಿನಲ್ಲಿ ಸೇರಿದರೆ ಸಿಗುವುದು ಜಾಸ್ತಿಯೂ ಹಳೆಯ ಫೈಲು ಮಾತ್ರ.

ಫೈನಾನ್ಸ್ ಇದಕ್ಕೆ ಉಲ್ಟಾ. ಅದರ ಜೀವ ಇರುವುದು ಮಾರ್ಚಿನಲ್ಲಿ. ಅಕ್ಟೋಬರಿನಲ್ಲಿ ಸೇರಿ ಮಾರ್ಚ್ 31ರ ರಾತ್ರಿಯವರೆಗೆ ಅಲ್ಲಿ ಕೂತವರಿಗೆ ಸರಕಾರದ ಹಣ ಹೇಗೆ ನಡೆಯುತ್ತದೆ ಎಂದು ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ. ನೀವು ಇಷ್ಟು ವರ್ಷ ‘ಮಂಜೂರು ಮಾಡಬಹುದು’ ಎಂದು ನೋಟ್ ಬರೆದು ಮೇಲೆ ಕಳಿಸಿದ್ದೀರಿ. ಆಮೇಲೆ ಆ ಫೈಲು ಯಾಕೆ ತಿಂಗಳುಗಟ್ಟಲೆ ನಿಲ್ಲುತ್ತದೆ ಎಂದು ಅಲ್ಲಿ ಗೊತ್ತಾಗುತ್ತದೆ. ಹೆಡ್ ಆಫ್ ಅಕೌಂಟ್, ಅಂದರೆ ಯಾವ ಲೆಕ್ಕದ ಶೀರ್ಷಿಕೆಯಿಂದ ಹಣ ಎನ್ನುವುದು, ಬರೆದಿರುವುದಿಲ್ಲ. ಅಥವಾ ಬರೆದ ಹೆಡ್‌ನಲ್ಲಿ ಅಲಾಟ್‌ಮೆಂಟ್, ಅಂದರೆ ಹಂಚಿಕೆಯಾದ ಹಣ, ಇರುವುದಿಲ್ಲ. ಅಥವಾ ಬಿಲ್ಲನ್ನು ಬಿಮ್ಸ್ ಎಂಬ ಸರಕಾರಿ ಆನ್‌ಲೈನ್ ಬಿಲ್ ವ್ಯವಸ್ಥೆಗೆ ಏರಿಸಿದ ಮೇಲೆ ಒಂದು ದಾಖಲೆ ಕಮ್ಮಿಯೆಂದು ಟ್ರೆಶರಿ ವಾಪಸ್ ಕಳಿಸಿರುತ್ತದೆ. ಮಾರ್ಚ್ 31 ದಾಟಿತು ಎಂದರೆ ಹಣ ಲ್ಯಾಪ್ಸ್. ಮುಂದಿನ ವರ್ಷ ಮೊದಲಿನಿಂದ ಶುರು. ಆ ಕಡೆ ಒಬ್ಬ ಬಡವ, ‘ನನ್ನ ಅರ್ಜಿ ಎಂತಾಯಿತು?’ ಎಂದು ನಿಮ್ಮ ಕಿಟಕಿಯ ಹತ್ತಿರ ನಿಂತಿರುತ್ತಾನೆ. ನನಗೆ ಎರಡನೆಯ ಸಲ ಬೇರೆ ಸೀಟು ಸಿಕ್ಕಿದ್ದು ಇಂಥ ಕಡೆ, ಐದು ತಿಂಗಳಿಗೆ. ಅಲ್ಲಿದ್ದ ಸೂಪರಿಂಟೆಂಡೆಂಟ್ ದಿನಾ ಒಂದು ವಾಪಸ್ ಬಂದ ಬಿಲ್ ನನ್ನ ಮೇಜಿನ ಮೇಲೆ ಇಟ್ಟು, ‘ಯಾಕೆ ಬಂತು, ಹೇಳಿ’ ಎನ್ನುತ್ತಿದ್ದರು. ಉತ್ತರ ಅವರು ಹೇಳುತ್ತಿರಲಿಲ್ಲ, ನಾನೇ ಹುಡುಕಬೇಕು. ಹಳೆಯ ಸೀಟಿಗೆ ವಾಪಸ್ ಬಂದ ಮೇಲೆ ನನ್ನ ನೋಟ್ ಬರೆಯುವ ರೀತಿಯೇ ಬದಲಾಯಿತು. ಕೊನೆಯ ಪ್ಯಾರಾದಲ್ಲಿ ಹಣ ಎಲ್ಲಿಂದ ಬರಬೇಕು, ಈಗ ಎಷ್ಟು ಉಳಿದಿದೆ ಎಂದು ಬರೆಯದೆ ಒಂದು ಫೈಲನ್ನೂ ಮೇಲೆ ಕಳಿಸಲಿಲ್ಲ.

ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಫೈನಾನ್ಸನ್ನೇ ಕೇಳುತ್ತಿದ್ದೆ, ಅಕ್ಟೋಬರ್ 1ರಿಂದ ಮಾರ್ಚ್ 31. ಅಕೌಂಟ್ ಟೆಸ್ಟ್ ಎಂಬ ಇಲಾಖಾ ಪರೀಕ್ಷೆ ಇನ್ನೂ ಬಾಕಿ ಇದ್ದರೆ ಅದಕ್ಕೂ ಇದು ಒಳ್ಳೆಯ ತಯಾರಿ. ಆದರೆ ಈ ಸಲ ಕಳಿಸುವುದು ಏಪ್ರಿಲ್-ಮೇಯಲ್ಲಿ ಎಂದಾದರೆ ವಿಪತ್ತು ನಿರ್ವಹಣೆಗೆ ಹೂಂ ಎನ್ನಿ.

ಮಲಯಾಳದ ಬಗ್ಗೆ ಬರೆದಿದ್ದೀರಿ. ಓದುವಾಗ ನನಗೆ ನನ್ನದೇ ಹಳೆಯ ಕಾಲ ನೆನಪಾಯಿತು. ಕನ್ನಡ ಶಾಲೆಯಲ್ಲಿ ಕಲಿತ ನಮಗೆ ಮಾತಿನ ಮಲಯಾಳ ಬೇಗ ಬರುತ್ತದೆ, ಕಚೇರಿಯ ಮಲಯಾಳ ಬರಲು ತಡ. ಆದರೆ ಕಚೇರಿಯ ಭಾಷೆ ಎಂದರೆ ಹೆಚ್ಚೆಂದರೆ ಮುನ್ನೂರು ನಾನೂರು ಮಾತುಗಳು, ಮೂವತ್ತು ನಲವತ್ತು ವಾಕ್ಯದ ಅಚ್ಚುಗಳು. ಪೋಕುವರವು (ಜಮೀನಿನ ಖಾತೆ ಬದಲಾವಣೆ), ತಂಡಪ್ಪೇರ್ (ಜಮೀನುದಾರನ ಖಾತೆ ನಂಬರ್) ಎಂಬ ಮಾತುಗಳನ್ನು ನೀವು ದಿನಾ ಬಳಸುತ್ತೀರಿ, ಅವು ನಿಮಗೆ ಪರಭಾಷೆ ಎಂದು ಅನ್ನಿಸುವುದೇ ಇಲ್ಲ. ಹೊಸ ವಿಭಾಗದ ಮಾತುಗಳೂ ಹಾಗೆಯೇ ಆಗುತ್ತವೆ. ಮೊದಲ ವಾರ ಆ ಸೀಟಿನ ಮುಗಿದ ಫೈಲು ಹತ್ತು ತೆಗೆದುಕೊಂಡು ಓದಿ. ನೋಟ್ ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ ಎಂದು ಒಂದು ನೋಟ್‌ಬುಕ್ಕಿಗೆ ಕೈಬರಹದಲ್ಲೇ ಇಳಿಸಿ. ಎರಡನೆಯ ವಾರ ನೀವು ಬರೆದದ್ದನ್ನು ಪಕ್ಕದ ಸೀಟಿನವರಿಗೆ ತೋರಿಸಿ, ‘ಇದು ಸರಿ ಉಂಟಾ ನೋಡಿ’ ಎಂದು ಕೇಳಿ. ಕೇಳಿದರೆ ಬೇಡ ಎನ್ನುವವರನ್ನು ನಾನು ಕಂಡದ್ದು ಬಹಳ ಕಮ್ಮಿ. ಕೇಳದೆ ಸುಮ್ನೆ ಕೂತು ಫೈಲು ತಡಮಾಡುವವರ ಮೇಲೆ ಮಾತ್ರ ಎಲ್ಲರಿಗೂ ಸಿಟ್ಟು.

ನೀವು ಬರೀ ಕಲಿಯಲು ಹೋಗುತ್ತಿಲ್ಲ ಎನ್ನುವುದನ್ನೂ ಮರೆಯಬೇಡಿ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಹಾಗಾಗಿ ನಮ್ಮ ಹಳೆಯ ಅಡಂಗಲ್ (ಗ್ರಾಮದ ಜಮೀನು ದಾಖಲೆ), ಹಳೆಯ ಆಧಾರಗಳು ಕನ್ನಡದಲ್ಲಿವೆ. ವರ್ಗ (ಸರಕಾರಕ್ಕೆ ಕಂದಾಯ ಕಟ್ಟುವ ಹಿಡುವಳಿ), ಮೂಲಗೇಣಿ (ಶಾಶ್ವತ ಗೇಣಿ), ಕುಮ್ಕಿ ಎಂಬ ಮಾತುಗಳು ಆ ಕಾಲದ ಕಂದಾಯ ಪದ್ಧತಿಯಿಂದ ಬಂದವು. ತೃಶ್ಶೂರಿನಿಂದಲೋ ಕೊಲ್ಲಂನಿಂದಲೋ ಬಂದ ಅಧಿಕಾರಿಗೆ ಕುಮ್ಕಿ ಎಂದರೆ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದ ಮೇಲೆ ಸೊಪ್ಪು, ಸೌದೆ ತೆಗೆಯುವಂಥ ಸವಲತ್ತು ಎಂದು ಹೇಗೆ ಗೊತ್ತಿರಬೇಕು? ಕಲೆಕ್ಟರೇಟಿನಲ್ಲಿ ನಿಮ್ಮನ್ನು ಈ ವಿಷಯಕ್ಕೆ ಕರೆದು ಕೇಳುತ್ತಾರೆ. ಸಂತೋಷದಿಂದ ಹೇಳಿಕೊಡಿ. ಆದರೆ ಒಂದು ಎಚ್ಚರಿಕೆ. ‘ಕನ್ನಡ ಬರುತ್ತದಲ್ಲ’ ಎಂದು ಇಡೀ ದಿನ ಅನುವಾದದ ಕೆಲಸವೇ ಕೊಟ್ಟರೆ ನೀವು ಹೋದ ಕೆಲಸ ಆಗುವುದಿಲ್ಲ. ವಾರಕ್ಕೆ ಇಷ್ಟು ಹೊತ್ತು ಎಂದು ಮೊದಲೇ ಮಾತಾಡಿಕೊಳ್ಳಿ.

ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ನೀವಿಲ್ಲದಾಗ ಕನ್ನಡ ಅರ್ಜಿಗಳನ್ನು ಯಾರು ನೋಡುತ್ತಾರೆ? 1969ರ ಕೇರಳ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಸಿಗಬೇಕು. ಅಹವಾಲನ್ನು ತನ್ನ ಭಾಷೆಯಲ್ಲಿ ಕೊಡುವ ಹಕ್ಕು ಸಂವಿಧಾನದ 350ನೆಯ ವಿಧಿಯಲ್ಲೇ ಇದೆ. ಕಾಗದದಲ್ಲಿ ಇರುವ ಈ ಹಕ್ಕು ನಮ್ಮ ಕಚೇರಿಗಳಲ್ಲಿ ನಡೆಯುವುದು ನಿಮ್ಮಂಥ ಒಬ್ಬರು ಆ ಸೀಟಿನಲ್ಲಿ ಕೂತಿರುವುದರಿಂದ. ನೀವು ಎದ್ದು ಹೋದರೆ ಆ ಆರು ತಿಂಗಳು ಹಕ್ಕು ಕೂಡ ರಜೆಯಲ್ಲಿ ಹೋದಂತೆ. ನಾನು ಒಂದು ಕಚೇರಿಗೆ ಚಾರ್ಜ್ ತೆಗೆದುಕೊಂಡಾಗ ಕಪಾಟಿನ ಕೆಳಗಿನ ತಟ್ಟಿನಲ್ಲಿ ಒಂದು ಕಟ್ಟು ಸಿಕ್ಕಿತು. ಎಲ್ಲ ಕನ್ನಡ ಅರ್ಜಿ. ಅಲ್ಲಿದ್ದ ಕನ್ನಡ ಬಲ್ಲ ಕ್ಲರ್ಕ್ ಎಂಟು ತಿಂಗಳ ಹಿಂದೆ ಬೇರೆ ಕಡೆ ಹೋಗಿದ್ದರು. ಉಳಿದವರಿಗೆ ಓದಲು ಬರುತ್ತಿರಲಿಲ್ಲ, ‘ಅವರು ಬಂದ ಮೇಲೆ ನೋಡೋಣ’ ಎಂದು ಇಟ್ಟಿದ್ದರು. ಕೆಟ್ಟ ಮನಸ್ಸು ಯಾರದ್ದೂ ಇರಲಿಲ್ಲ. ಅದರಲ್ಲಿ ಒಬ್ಬ ಅಜ್ಜಿ ವಿಧವಾ ಪಿಂಚಣಿಗಾಗಿ ಬೇಕಾದ ಒಂದು ಸರ್ಟಿಫಿಕೇಟು ಕೇಳಿದ್ದರು. ನಾವು ಅವರ ಮನೆಗೆ ಹೇಳಿ ಕಳಿಸುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಆ ಅರ್ಜಿಯ ಅಕ್ಷರ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಇದೆ.

ಆದ್ದರಿಂದ ನೀವು ಅಧಿಕಾರಿಯ ಹತ್ತಿರ ಗಟ್ಟಿಯಾಗಿ ಕೇಳಬೇಕಾದದ್ದು ಇದು: ನನ್ನ ಸೀಟಿಗೆ ಕನ್ನಡ ಓದಿ ಬರೆಯಬಲ್ಲ ಒಬ್ಬರನ್ನು ಕೊಡಿ. ಎಲ್ಲಕ್ಕಿಂತ ಒಳ್ಳೆಯದು ಅದಲುಬದಲು. ನೀವು ಅಲ್ಲಿಗೆ, ಅಲ್ಲಿನ ಕನ್ನಡ ಬಲ್ಲ ಒಬ್ಬರು ಇಲ್ಲಿಗೆ. ಅವರಿಗೂ ತಾಲೂಕಿನ ಕೆಲಸ ಕಲಿತಂತಾಯಿತು. ಹಾಗೆ ಯಾರೂ ಸಿಗದಿದ್ದರೆ ನಿಮ್ಮ ಕಚೇರಿಯೊಳಗೇ ಕನ್ನಡ ಬಲ್ಲ ಇನ್ನೊಬ್ಬರಿಗೆ, ಅವರು ಜೂನಿಯರ್ ಆದರೂ ಪರವಾಗಿಲ್ಲ, ಚಾರ್ಜ್ ಕೊಡಿಸಿ. ಹೋಗುವ ಮೊದಲು ಎರಡು ವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೇ ಒಬ್ಬರ ಮೇಲೆ ನಿಂತ ಕನ್ನಡ ಸೀಟು ಯಾವತ್ತಿದ್ದರೂ ಅಪಾಯವೇ. ನಿಮಗೆ ಜ್ವರ ಬಂದರೂ ಅದು ನಿಲ್ಲುತ್ತದೆ. ಈ ಆರು ತಿಂಗಳಲ್ಲಿ ಇನ್ನೊಬ್ಬರು ತಯಾರಾದರೆ ನಿಮ್ಮ ಕಚೇರಿಗೆ ಆಗುವ ಲಾಭ, ನೀವು ಕಲಿತು ತರುವುದಕ್ಕಿಂತ ಕಮ್ಮಿ ಏನಲ್ಲ. ಏಳು ವರ್ಷ ಒಂದೇ ಬಗೆಯ ಸೀಟಿನಲ್ಲಿ ನಿಮ್ಮನ್ನು ಕಟ್ಟಿಹಾಕಿದ್ದೂ ಇದೇ ಕಾರಣ. ಕನ್ನಡ ಬರುತ್ತದೆ ಎಂಬ ಗುಣವೇ ನಿಮ್ಮ ಬೆಳವಣಿಗೆಗೆ ಅಡ್ಡ ಬಂದಿದೆ. ಅದು ನ್ಯಾಯ ಅಲ್ಲ.

ಚಾರ್ಜ್ ಕೊಡುವಾಗ ಅವಸರ ಮಾಡಬೇಡಿ. ನಿಮ್ಮ ಸೀಟಿಗೆ ಬಂದ ಕಾಗದಗಳನ್ನು ದಾಖಲಿಸುವ ಪರ್ಸನಲ್ ರಿಜಿಸ್ಟರ್ ಪ್ರಕಾರ ಬಾಕಿ ಫೈಲುಗಳ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ‘ಈಗ ಎಲ್ಲಿದೆ, ಮುಂದೆ ಏನಾಗಬೇಕು, ಯಾವ ತಾರೀಕಿನೊಳಗೆ’ ಎಂದು ಬರೆಯಿರಿ. ಇ-ಆಫೀಸಿನಲ್ಲಿ ಇರುವುದು ಬೇರೆ, ಕಾಗದದ ಫೈಲು ಬೇರೆ. ಕೋರ್ಟಿನ ಅವಧಿ ಇರುವ ಫೈಲು, ಆಡಿಟ್ ಆಕ್ಷೇಪ ಇರುವ ಫೈಲು ಮೇಲೆ ಬರಲಿ. ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ. ನಾಳೆ ಒಂದು ಫೈಲು ಕಾಣದಿದ್ದರೆ ಯಾರ ಕೈಯಲ್ಲಿತ್ತು ಎಂದು ಆ ಪಟ್ಟಿಯೇ ಹೇಳುತ್ತದೆ.

ಆಡಿಟ್ ಎಂದಾಗ ಇನ್ನೊಂದು ಮಾತು. ನಿಮ್ಮ ಸೀಟಿನ ಮೇಲೆ ಅಕೌಂಟೆಂಟ್ ಜನರಲ್ ಕಚೇರಿಯ ಪರಿಶೀಲನೆ ಈಗ ನಡೆಯುತ್ತಿದ್ದರೆ, ಅಥವಾ ಡಿಪಾರ್ಟ್‌ಮೆಂಟಲ್ ಟೆಸ್ಟ್ ಹತ್ತಿರ ಇದ್ದರೆ, ಅಥವಾ ಮನೆಯಲ್ಲಿ ಎಳೆ ಮಗುವೋ ಕಾಯಿಲೆಯವರೋ ಇದ್ದರೆ, ‘ಈಗ ಬೇಡ, ಮುಂದಿನ ಸಲ’ ಎನ್ನಲು ಹಿಂಜರಿಯಬೇಡಿ. ಉಪ್ಪಳದ ಕಡೆಯಿಂದ ವಿದ್ಯಾನಗರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಅದೂ ಮಾರ್ಚಿನಲ್ಲಿ ರಾತ್ರಿಯಾದ ಮೇಲೆ, ಸುಲಭ ಅಲ್ಲ. ಮನೆಯವರ ಜೊತೆ ಕೂತು ಮಾತಾಡಿ.

ಈ ಉತ್ತರವನ್ನು ನಿಮ್ಮ ಅಧಿಕಾರಿಗೂ ತೋರಿಸುತ್ತೀರಿ ಎಂದುಕೊಂಡು ಅವರಿಗೂ ಎರಡು ಮಾತು ಬರೆಯುತ್ತೇನೆ. ಸರ್, ನೀವು ಮಾಡಲು ಹೊರಟದ್ದು ಒಳ್ಳೆಯ ಕೆಲಸ. 2015ರಿಂದ ಹೊಸ ಐಎಎಸ್ ಅಧಿಕಾರಿಗಳನ್ನು ಜಿಲ್ಲೆಯ ತರಬೇತಿ ಮುಗಿದ ಮೇಲೆ ಕೆಲವು ವಾರ ದೆಹಲಿಯ ಸಚಿವಾಲಯಗಳಲ್ಲಿ ಅಸಿಸ್ಟೆಂಟ್ ಸೆಕ್ರೆಟರಿಯಾಗಿ ಕೂರಿಸುತ್ತಾರೆ. ಮೊದಲ ತಂಡಕ್ಕೆ ಅದು ಮೂರು ತಿಂಗಳು. ಅವರಿಗೆ ಬೇರೆ ಕುರ್ಚಿಯಿಂದ ಕೆಲಸ ನೋಡುವುದು ಬೇಕು ಎಂದಾದರೆ ಇಪ್ಪತ್ತೈದು ವರ್ಷ ಫೈಲು ನಡೆಸಬೇಕಾದ ಕ್ಲರ್ಕಿಗೆ ಅದು ಇನ್ನೂ ಜಾಸ್ತಿ ಬೇಕು. ಆದರೆ ಕಳಿಸಿದರೆ ಮುಗಿಯಲಿಲ್ಲ. ಅಲ್ಲಿ ಯಾರು ಕಲಿಸುತ್ತಾರೆ ಎಂದು ಒಬ್ಬರ ಹೆಸರು ಗೊತ್ತುಮಾಡಿ. ಎರಡು ತಿಂಗಳಾದಾಗ ಒಂದು ಸಲ ಫೋನ್ ಮಾಡಿ ವಿಚಾರಿಸಿ. ವಾಪಸ್ ಬಂದಾಗ ಕಲಿತದ್ದು ಉಪಯೋಗಕ್ಕೆ ಬರುವ ಕೆಲಸ ಕೊಡಿ. ಫೈನಾನ್ಸ್ ಕಲಿತು ಬಂದವರನ್ನು ಮತ್ತೆ ಬರೀ ಭೂಮಿ ಅರ್ಜಿಗೇ ಕೂರಿಸಿದರೆ ಆರು ತಿಂಗಳು ನೀರಿಗೆ ಹೋಯಿತು. ನಿಮ್ಮ ಕಚೇರಿಯ ಎಲ್ಲ ಮಂಜೂರಾತಿ ನೋಟ್‌ಗಳನ್ನೂ ಮೇಲೆ ಹೋಗುವ ಮೊದಲು ಅವರೊಮ್ಮೆ ನೋಡಲಿ. ವಾಪಸ್ ಬರುವ ಬಿಲ್ ಎಷ್ಟು ಕಮ್ಮಿಯಾಗುತ್ತದೆ ಎಂದು ನೀವೇ ಎಣಿಸುತ್ತೀರಿ.

ಈಗ ನೀವು ಮಾಡಬೇಕಾದ್ದು ಒಂದು ಪತ್ರ. ಉದ್ದ ಬೇಡ. ಹೀಗಿರಲಿ:

‘ಫೈನಾನ್ಸ್ ವಿಭಾಗದಲ್ಲಿ ಅನುಭವ ಪಡೆಯಲು ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ವರ್ಕಿಂಗ್ ಅರೇಂಜ್‌ಮೆಂಟ್‌ನಲ್ಲಿ ಹೋಗಲು ನನಗೆ ಒಪ್ಪಿಗೆ ಇದೆ. ಈ ಅವಧಿಯಲ್ಲಿ ನನ್ನ ಸೀಟಿನ ಕನ್ನಡ ಅರ್ಜಿಗಳನ್ನು ನೋಡಲು ಕನ್ನಡ ಬಲ್ಲ ನೌಕರರೊಬ್ಬರನ್ನು ನೇಮಿಸಬೇಕೆಂದೂ, ಅವಧಿ ಮುಗಿದ ಮಾರನೆಯ ದಿನ ನಾನು ಈ ಕಚೇರಿಗೇ ಹಾಜರಾಗುವಂತೆ ಆದೇಶದಲ್ಲಿ ಸೇರಿಸಬೇಕೆಂದೂ ವಿನಂತಿ.’

ಇದನ್ನು ಮಲಯಾಳದಲ್ಲಿ ನೀವೇ ಬರೆಯಿರಿ. ಕೈ ನಡುಗಿದರೂ ಬರೆಯಿರಿ, ಅಲ್ಲಿಗೆ ಹೋದ ಮೇಲೆ ಬರೆಯಬೇಕಾದ ನೋಟ್‌ಗಳಲ್ಲಿ ಇದೇ ಮೊದಲನೆಯದು ಎಂದುಕೊಳ್ಳಿ. ತಪಾಲಿನಲ್ಲಿ ಕೊಟ್ಟು, ನಂಬರ್ ಬಿದ್ದ ಪ್ರತಿಯೊಂದನ್ನು ಇಟ್ಟುಕೊಳ್ಳಿ. ಹೋಗಿ ಎರಡು ತಿಂಗಳಾದ ಮೇಲೆ ಹೇಗಿದೆ ಎಂದು ನನಗೆ ಬರೆಯಿರಿ.